ಬಾಡಿಗೆ ಏರಿಸಿದ್ದು ಗಾರೆ ಕೆಲಸದವನಲ್ಲ

ಗೋವಾದ ಕಾಣಕೋಣದಲ್ಲಿ ಬಾಡಿಗೆ ಏರಲು ಘಟ್ಟದ ಮೇಲಿನ ಕೂಲಿಕಾರರೇ ಕಾರಣ, ಅವರು ಮನೆ ಗೊತ್ತು ಮಾಡಿಕೊಂಡೇ ಊರು ಬಿಡಲಿ ಎಂದು ಕಳೆದ ವಾರದ ಲೇಖನವೊಂದು ಉಪದೇಶಿಸಿದೆ. ಗದಗ, ಕೊಪ್ಪಳದಿಂದ ಗಾರೆ ಕೆಲಸಕ್ಕೆ ಬಂದವನು ಯಾವ ಮಾಲೀಕನಿಗೆ ಹೆಚ್ಚು ಬಾಡಿಗೆ ಕೊಟ್ಟು ಪೈಪೋಟಿ ನಡೆಸಿದನೋ, ಲೇಖಕರೇ ಹೇಳಬೇಕು.

ಅಲ್ಲಿನ ಪಾಲೋಲೆಂ, ಅಗೋಂಡ ಕಡಲತೀರಗಳ ಕಡೆ ಲೆಕ್ಕವೇ ಬೇರೆ. ಅಕ್ಟೋಬರಿನಿಂದ ಬೇಸಿಗೆಯವರೆಗೆ ಕೋಣೆ ಪ್ರವಾಸಿಗರಿಗೆ ದಿನದ ದರದಲ್ಲಿ ಹೋಗುತ್ತದೆ. ಮಳೆಗಾಲ ಬಂತೆಂದರೆ ತೀರದ ತಾತ್ಕಾಲಿಕ ಗುಡಿಸಲುಗಳಾದ ಶ್ಯಾಕುಗಳನ್ನು ಬಿಚ್ಚಿಡುತ್ತಾರೆ. ಕೆಲಸ ಇರುವಾಗ ಮನೆಯಿಲ್ಲ, ಮನೆ ಖಾಲಿಯಾದಾಗ ಕೆಲಸವಿಲ್ಲ.

ಅದೇ ಲೇಖನದ ಪ್ರಕಾರ ಕಾರವಾರದಿಂದ ರೈಲಿನಲ್ಲಿ ದಿನಾ ಓಡಾಡಬಹುದಂತೆ! ಹಗಲು ಪಾಳಿಯವರು ಓಡಾಡುತ್ತಲೇ ಇದ್ದಾರೆ. ರಾತ್ರಿ ಹನ್ನೊಂದಕ್ಕೆ ಹೋಟೆಲಿನ ಪಾತ್ರೆ ತೊಳೆದು ಮುಗಿಸುವವಳು ಪೋಳೆಂನ ರಾಜ್ಯ ಗಡಿ ದಾಟುವುದು ಹೇಗೆ?

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ವಸತಿಯ ಹೊಣೆಯನ್ನು ಗುತ್ತಿಗೆದಾರನ ಮೇಲೆ ಹೊರಿಸಿತ್ತು. ತಾನೇ ಬಸ್ಸು ಹತ್ತಿ ಬಂದವನಿಗೆ ಅದರ ನೆರಳೂ ಬೀಳಲಿಲ್ಲ. ಗುತ್ತಿಗೆದಾರ ಕರೆತಂದವನಿಗೆ ಸಿಕ್ಕಿದ್ದು ಬಹುತೇಕ ತಗಡಿನ ಶೆಡ್ಡು.

ವಲಸೆ ಗೋವಾದವರಿಗೂ ಹೊಸದಲ್ಲ. ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದು ಇಂಗ್ಲೆಂಡಿನ ಸ್ವಿಂಡನ್ನಿಗೆ ಹೋದ ಎಷ್ಟೋ ಗೋವನ್ನರು ಮೊದಮೊದಲು ಒಂದೇ ಮನೆಯಲ್ಲಿ ಒತ್ತಿಕೊಂಡು ಮಲಗಿದವರೇ. ಮನೆ ಸಿಕ್ಕ ಮೇಲೇ ವಿಮಾನ ಹತ್ತಿ ಎಂದು ಅವರಿಗೆ ಯಾರೂ ಬುದ್ಧಿ ಹೇಳಿದಂತಿಲ್ಲ. ಉಪದೇಶ ಬೇಕಿರುವುದು ಪರವಾನಗಿ ಕೊಡುವವರಿಗೆ: ರೆಸಾರ್ಟಿನ ಅರ್ಜಿ ಬಂದಾಗ ಕೋಣೆಗಳ ಜೊತೆಗೆ ಕೆಲಸದವರು ಮಲಗುವ ಜಾಗದ ನಕ್ಷೆಯನ್ನೂ ಕೇಳಿ.