ಮೆಣಸಿನ ಗಿಡಕ್ಕೆ ಎರಡನೇ ವರ್ಷ ಕೊಡಿ

ಮೇ ಮುಗಿಯುವ ಹೊತ್ತಿಗೆ ವಿಠ್ಠಲವಾಡಿಯ ನಮ್ಮ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಪ್ರತಿವರ್ಷ ಒಂದೇ ಸೂಚನೆ: ಗ್ರಿಲ್‌ನಲ್ಲಿಟ್ಟ ಕುಂಡಗಳನ್ನು ತೆಗೆಯಿರಿ. ಸರಿಯಾದ ಮಾತೇ. ತುಕ್ಕು ಹಿಡಿದ ಗ್ರಿಲ್ ಮೇಲೆ ನೀರು ಕುಡಿದ ಮಣ್ಣಿನ ಭಾರ ಅಪಾಯ. ಆದರೆ ಮರುದಿನ ಕಸದ ಡಬ್ಬಿಯ ಪಕ್ಕ ಇನ್ನೂ ಹಸಿರಾಗಿರುವ ಮೆಣಸಿನ ಗಿಡಗಳು ಬಿದ್ದಿರುತ್ತವೆ. ಕುಂಡ ತೆಗೆಯಿರಿ ಎಂದರೆ ಗಿಡ ಎಸೆಯಿರಿ ಎಂದಲ್ಲ.

ಮೆಣಸಿನಕಾಯಿ ಒಂದೇ ವರ್ಷದ ಬೆಳೆ ಎಂಬುದು ಹೊಲದ ಲೆಕ್ಕ. ಹಾವೇರಿ, ಧಾರವಾಡದ ಕಡೆ ಮುಂಗಾರಿನಲ್ಲಿ ಹಾಕಿದ ಬ್ಯಾಡಗಿ ಮೆಣಸಿನಕಾಯಿ ಬಿಡಿಸಿದ ಮೇಲೆ ರೈತರಿಗೆ ಮುಂದಿನ ಬೆಳೆಗೆ ನೆಲ ಬೇಕು, ಗಿಡ ಕೀಳುತ್ತಾರೆ. ನಮ್ಮ ಕುಂಡಕ್ಕೆ ಆ ಅವಸರವಿಲ್ಲ. ಹಿಮ ಬೀಳದ ಊರಲ್ಲಿ ಈ ಗಿಡ ಎರಡು-ಮೂರು ವರ್ಷ ಬಾಳಬಲ್ಲದು. ಕರಾವಳಿಯ ಹಿತ್ತಿಲಲ್ಲಿ ಜೀರಿಗೆ ಮೆಣಸಿನ ಗಿಡ ವರ್ಷಗಟ್ಟಲೆ ನಿಂತಿರುವುದನ್ನು ನೋಡಿಲ್ಲವೇ?

ಇಂಗ್ಲೆಂಡಿನಂಥ ಚಳಿ ದೇಶದಲ್ಲಿ ಹಿಮ ಬೀಳುವ ಮುನ್ನ ಗಿಡವನ್ನು ಮೋಟಾಗಿ ಸವರಿ, ಮನೆಯೊಳಗೆ ಇಟ್ಟು, ನೀರು ಕಡಿಮೆ ಮಾಡಿ ಚಳಿಗಾಲ ದಾಟಿಸುತ್ತಾರೆ. ನಮಗೆ ಚಳಿಯ ಭಯವಿಲ್ಲ. ಇಲ್ಲಿಯ ಡಿಸೆಂಬರ್ ಮೆಣಸಿಗೆ ಹಿತವೇ. ಗಿಡ ಕೊಲ್ಲುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ನೆನೆದ ಮಣ್ಣಿನಲ್ಲಿ ಗಾಳಿಯಾಡದೆ ಬೇರು ಕೊಳೆಯುತ್ತದೆ. ಅವರು ಚಳಿಗೆ ಮಾಡುವುದನ್ನೇ ನಾವು ಮಳೆಗೆ ಮಾಡೋಣ.

ಕೊನೆಯ ಕಾಯಿ ಕಿತ್ತ ಮೇಲೆ ಗಿಡವನ್ನು ಒಂದು ಗೇಣು ಬಿಟ್ಟು ಸವರಿ. ಬೆಳಕು ಬೀಳುವ ಕಿಟಕಿಯ ಒಳಗೆ, ಮಳೆ ಎರಚದಲ್ಲಿ ಇಡಿ. ತಳದ ತೂತು ತೆರೆದಿರಲಿ, ತಟ್ಟೆಯಲ್ಲಿ ನೀರು ನಿಲ್ಲದಿರಲಿ. ಮೇಲಿನ ಮಣ್ಣು ಒಣಗಿದಾಗ ಮಾತ್ರ ನೀರು. ಮಳೆ ಇಳಿದ ಮೇಲೆ ಮೇಲ್ಮಣ್ಣು ಬದಲಿಸಿ, ಗೊಬ್ಬರ ಹಾಕಿ, ನಿಧಾನವಾಗಿ ಬಿಸಿಲಿಗೆ ಒಗ್ಗಿಸಿ. ಬೇರು ಸಿದ್ಧವಿರುವುದರಿಂದ ಹೊಸ ಸಸಿಗಿಂತ ಬೇಗ ಹೂ ಬಿಡುತ್ತದೆ. ಎಲೆ ಮುರುಟು ರೋಗ ಬಲವಾಗಿ ಹಿಡಿದ ಗಿಡವನ್ನು ಮಾತ್ರ ಉಳಿಸಬೇಡಿ. ಪಕ್ಕದ ಗಿಡಕ್ಕೂ ಹರಡೀತು.

‘ಬೀಜ ಇದೆಯಲ್ಲ, ಮತ್ತೆ ಹಾಕಿದರಾಯಿತು’ ಎನ್ನುವವರಿದ್ದಾರೆ. ಆದರೆ ಮೆಣಸಿನ ತಳಿಗಳು ಸುಲಭವಾಗಿ ಬೆರೆಯುತ್ತವೆ. ಪಕ್ಕದ ಗ್ರಿಲ್‌ನ ಖಾರದ ಲವಂಗಿ ಹೂವಿಗೆ ಹೋದ ಜೇನು ನಮ್ಮ ಬ್ಯಾಡಗಿ ಹೂವಿಗೂ ಬರುತ್ತದೆ. ಬೀಜದ ಗಿಡ ಅದೇ ಬಣ್ಣ, ಅದೇ ಖಾರ ಕೊಡುತ್ತದೆಂಬ ಖಾತ್ರಿಯಿಲ್ಲ. ಊರಿಂದ ತಂದು ಬೆಳೆಸಿದ ಗಿಡದ ಗುಣ ಆ ಗಿಡದಲ್ಲೇ ಉಳಿಯುತ್ತದೆ.

ಇನ್ನೊಂದು ನೆಪ: ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆ, ಗಿಡ ಯಾರು ಹೊರುತ್ತಾರೆ? ಸವರಿದ ಗಿಡ ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ಪಾತ್ರೆ-ಪಗಡದ ಜೊತೆ ಟೆಂಪೋದಲ್ಲಿ ಅದಕ್ಕೂ ಜಾಗವಿದೆ.