ಹೊಟ್ಟೆನೋವಿಗೆ ಮಂಗಳೂರೇ ಮದ್ದೆ?

ರಸ್ತೆಯಲ್ಲಿ ಲಾರಿ ಬಡಿದು ಒಬ್ಬ ಬಿದ್ದರೆ ಊರೇ ಓಡಿಬರುತ್ತದೆ. ಆದರೆ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ಬಂದ ಹೆಂಗಸಿಗೆ ನಡುರಾತ್ರಿ ಹೊಟ್ಟೆನೋವು ಬಂದರೆ, ವಾಯುವೆಂದು ಜೀರಿಗೆ ಕಷಾಯ ಕೊಟ್ಟು ಮಲಗಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಅಪೆಂಡಿಕ್ಸ್ ಒಡೆದಿರಬಹುದು. ಮೂಟೆ ಹೊರುವವನ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡರೆ, ರಕ್ತ ಓಡದ ಆ ಕರುಳು ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ. ಜಠರದ ಹುಣ್ಣು ತೂತಾದರೂ ಅದೇ ಗತಿ. ಇವು ಅಪಘಾತಗಳಲ್ಲ; ಆದರೂ ಕಾಯುವಂತಿಲ್ಲ.

2008ರಲ್ಲಿ 108 ವಾಹನ ಬಂತು. 2018ರಲ್ಲಿ ಆಯುಷ್ಮಾನ್ ಕಾರ್ಡು ಬಂತು. ಎರಡನ್ನೂ ನಾವು ಸ್ವಾಗತಿಸಿದ್ದೇವೆ. ಆದರೆ ವಾಹನ ಹೊಟ್ಟೆ ಕೊಯ್ಯುವುದಿಲ್ಲ, ಕಾರ್ಡು ಹೊಲಿಗೆ ಹಾಕುವುದಿಲ್ಲ. ಕೊಯ್ಯಬಲ್ಲ ಕೈ ಹತ್ತಿರ ಇಲ್ಲದ ರಾತ್ರಿ ಬಡವನಿಗೆ ಸಿಗುವುದು ಮಂಗಳೂರಿಗೆ ಒಯ್ಯಿರಿ ಎಂಬ ಚೀಟಿ ಮಾತ್ರ. ಪುತ್ತೂರಿನಿಂದ ಅದು ಸುಮಾರು 50 ಕಿಲೋಮೀಟರು. ಸುಳ್ಯದಿಂದ 80ಕ್ಕೂ ಮೇಲೆ. ಈ ಎರಡು ತಾಲೂಕುಗಳ ಗ್ರಾಮಗಳಿಂದಲೇ ರೂಪುಗೊಂಡ ಕಡಬದ ಒಳಹಳ್ಳಿಯವರು ಮೊದಲು ಹೆದ್ದಾರಿ ಮುಟ್ಟಬೇಕು. ಇಂಥ ಶಸ್ತ್ರಚಿಕಿತ್ಸೆ ಎರಡು ಗಂಟೆಯ ದಾರಿಯೊಳಗೆ ಸಿಗಬೇಕೆಂದು 2015ರಲ್ಲೇ ಲ್ಯಾನ್ಸೆಟ್ ಆಯೋಗ ಹೇಳಿತು.

ಹುದ್ದೆ ತುಂಬಿದರೆ ಸಾಕೆಂದು ಸರಕಾರ ತಿಳಿದಂತಿದೆ. ಸಾಲದು. ದೊಡ್ಡ ಆಸ್ಪತ್ರೆಯಲ್ಲಿ ಕಲಿಯುವ ತರುಣ ವೈದ್ಯನ ಬೆನ್ನಿಗೆ ಹಿರಿಯರಿದ್ದಾರೆ, ಸ್ಕ್ಯಾನ್ ಇದೆ, ರಕ್ತವಿದೆ. ತಾಲೂಕಿನ ರಾತ್ರಿಯಲ್ಲಿ ಅವನು ಒಂಟಿ. ಯಾರನ್ನು ಈಗಲೇ ಕೊಯ್ಯಬೇಕು, ಯಾರನ್ನು ಕಳುಹಿಸಬಹುದು, ಕಳುಹಿಸುವ ಮೊದಲು ಏನು ಮಾಡಬೇಕು ಎಂಬ ತೀರ್ಮಾನವೇ ಒಂದು ವಿದ್ಯೆ. ಅದನ್ನು ಅನುಭವಿಗಳ ಪಕ್ಕದಲ್ಲಿ ನಿಂತು, ಇಂಥ ಆಸ್ಪತ್ರೆಯಲ್ಲೇ ಕಲಿಯಬೇಕು.

ಕಲಿಸುವವರಿಗೆ ಬರವೆ? ಸುಳ್ಯದ ಕೆ.ವಿ.ಜಿ. ಸೇರಿ ಈ ಜಿಲ್ಲೆಯಲ್ಲಿ ಎಂಟು ವೈದ್ಯಕೀಯ ಕಾಲೇಜುಗಳಿವೆ, ಎಂಟೂ ಖಾಸಗಿ. ಸರಕಾರದ ವೆನ್ಲಾಕ್ ಆಸ್ಪತ್ರೆಯ ಮಂಚಗಳ ಮೇಲೆ ಮಲಗಿದ ಬಡವರ ಮೈಯಿಂದಲೇ ಎಷ್ಟೋ ವೈದ್ಯರು ವಿದ್ಯೆ ಕಲಿತರು. ಆ ಋಣ ತೀರಬೇಡವೆ? ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಸೇವೆ ಸಲ್ಲಿಸಬೇಕೆಂಬ ನಿಯಮ ಈಗಾಗಲೇ ಇದೆ.

ನಮ್ಮ ಬೇಡಿಕೆಗಳು ಸ್ಪಷ್ಟ. ಶಸ್ತ್ರವೈದ್ಯ ವಿದ್ಯಾರ್ಥಿಗಳ ಆ ಸೇವೆಯ ಒಂದು ಪಾಲು ಪುತ್ತೂರು, ಸುಳ್ಯದ ಸರಕಾರಿ ಆಸ್ಪತ್ರೆಗಳಲ್ಲಿ, ಹಿರಿಯ ಶಸ್ತ್ರವೈದ್ಯರ ಕೈಕೆಳಗೆ ನಡೆಯಲಿ. ಅರಿವಳಿಕೆ ವೈದ್ಯ, ತರಬೇತಾದ ದಾದಿಯರು, ರಕ್ತದ ದಾಸ್ತಾನು ಹಗಲೂ ರಾತ್ರಿ ಇರಲಿ. ಕಡಬದ ಸಮುದಾಯ ಆರೋಗ್ಯ ಕೇಂದ್ರದ ವೈದ್ಯರಿಗೆ ರೋಗ ಬೇಗ ಗುರುತಿಸುವ ತರಬೇತಿ ಸಿಗಲಿ.

ಉಳ್ಳವನು ಕಾರು ಹತ್ತಿ ಮಂಗಳೂರು ಸೇರುತ್ತಾನೆ. ಕಾರ್ಮಿಕನೂ ಚಿಲ್ಲರೆ ಅಂಗಡಿಯವನೂ ಸಾಲ ಹುಡುಕುತ್ತ ಗಂಟೆ ಕಳೆಯುತ್ತಾರೆ. ಆ ಗಂಟೆಯೇ ಪ್ರಾಣ. ಪ್ರತಿ ಸಂಘವೂ ಪ್ರತಿ ಅಂಗಡಿಬೀದಿಯೂ ಈ ಬೇಡಿಕೆಗೆ ಸಹಿ ಹಾಕಲಿ. ಮತ ಕೇಳಲು ಬರುವವರ ಮುಂದೆ ಮೊದಲು ಇದನ್ನೇ ಇಡಲಿ.