ಹಾಡು ಆಭರಣವೋ, ಪ್ರಾಣವೋ?

ಸಂಗೀತನಾಟಕಗಳ ಹುಚ್ಚು ನಮಗೆ ಹಿಡಿದದ್ದು ಬಾಲ್ಯದಲ್ಲಿ, ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯಲ್ಲಿ. ಅಲ್ಲಿ ಬೀಡುಬಿಡುತ್ತಿದ್ದ ನಾಟಕ ಕಂಪನಿಗಳಲ್ಲಿ ಕಾಲುಪೆಟ್ಟಿಗೆ, ತಬಲಾಗಳು ಮೊಳಗಿದೊಡನೆ ನಟನು ಸ್ವಂತ ಕಂಠದಿಂದಲೇ ಹಾಡುತ್ತಿದ್ದನು. ಸಭೆ ‘ಒನ್ಸ್ ಮೋರ್’ ಎಂದು ಕೂಗಿದರೆ ಮರಣಶಯ್ಯೆಯ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಬೇಕಾಗುತ್ತಿತ್ತು! ಕೂಗಿದವರಲ್ಲಿ ನಾವೂ ಒಬ್ಬರು. ನಾಟಕವೆಂಬುದು ಹಾಡಿಗೊಂದು ನೆಪವೆಂದೇ ಬಗೆದಿದ್ದೆವು.

ಈ ಭಾವನೆಯನ್ನು ಅಲುಗಿಸಿದ್ದು ‘ಸತ್ತವರ ನೆರಳು’. ಜಡಭರತರ ಈ ನಾಟಕವನ್ನು ಬಿ.ವಿ. ಕಾರಂತರು ದಾಸರ ಪದಗಳೊಡನೆ ಹೆಣೆದು 1970ರ ದಶಕದಲ್ಲಿ ರಂಗಕ್ಕೆ ತಂದರು. ಮಠದೊಳಗಿನ ಅಧಿಕಾರದ ಆಟವೇ ಅದರ ವಸ್ತು. ಮಠದ ಪ್ರಸಾದವುಂಡು ಬೆಳೆದ ನಾವು ಮುಂದೆ ಅದನ್ನು ನೋಡಲು ಮುನಿಸಿನಿಂದಲೇ ಕುಳಿತೆವು. ರಂಗದ ಮೇಲೆ ಪೀಠದ ಆಸೆ. ಮೇಳದವರ ಬಾಯಲ್ಲಿ ಭಕ್ತಿಯ ಪದ. ಎಷ್ಟೋ ಸಲ ತಲೆದೂಗಿ ಕೇಳಿದ ಪದಗಳಿಗೆ ಅಂದು ತಲೆ ತಗ್ಗಿತು. ‘ಒನ್ಸ್ ಮೋರ್’ ಎನ್ನಲು ಬಾಯಿ ಬರಲಿಲ್ಲ.

ಹಾಗೆಂದು ಕಂಪನಿಯ ಹಾಡನ್ನು ಕೀಳೆನ್ನಲಾರೆವು. ಕಾರಂತರೇ ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಅಲ್ಲಿನ ಹಾಡು ಮನವನ್ನು ತಣಿಸಿತು. ಇಲ್ಲಿನದು ಮನವನ್ನು ಕೆಣಕಿತು. ಎರಡಕ್ಕೂ ಆಧಾರ ಜೀವಂತ ಕಂಠವೇ.

ಈಚೆಗೆ ಧ್ವನಿಮುದ್ರಿತ ಹಾಡಿಗೆ ತುಟಿಯಾಡಿಸುವ ಪ್ರಯೋಗಗಳನ್ನೂ ಕಂಡಿದ್ದೇವೆ. ನಟನು ಬಿಕ್ಕಿದಾಗ ಬಿಕ್ಕದ ಆ ಹಾಡು ನಮಗೆ ಒಗ್ಗದು. ತುಸು ಅಪಸ್ವರವಾದರೂ ಚಿಂತೆಯಿಲ್ಲ, ಅದು ಪಾತ್ರದ ಉಸಿರಾಗಿರಲಿ. ಮಕ್ಕಳನ್ನು ನಾಟಕಕ್ಕೆ ಕರೆದೊಯ್ಯುವವರು ಪೆಟ್ಟಿಗೆ ಮಾಸ್ತರರು ಎದುರಿಗೆ ಕುಳಿತು ನುಡಿಸುವ ನಾಟಕವನ್ನೇ ಆರಿಸಲಿ.